ರೆಪ್ಪೆ ಬಡಿಯೋದನ್ನು ಮತ್ತೆ ಕಲಿತೆ

ಸಂಜೆ ನಾಲ್ಕು ಗಂಟೆ ಆಯಿತೆಂದರೆ ಕಣ್ಣಿಗೆ ಮರಳು ಬಿದ್ದ ಹಾಗಾಗುತ್ತಿತ್ತು. ನನ್ನದು ಕರಡು ತಿದ್ದುವ ಕೆಲಸ. ದಿನಕ್ಕೆ ಎಂಟು ಗಂಟೆಗೆ ಕಡಿಮೆ ಇಲ್ಲದಂತೆ ಕಂಪ್ಯೂಟರ್ ಮುಂದೆ ಕೂರಬೇಕು. ಮೊದಲು ಉರಿ ಶುರುವಾಗುತ್ತಿತ್ತು, ಆಮೇಲೆ ಕಣ್ಣು ಕೆಂಪಾಗಿ ಅಕ್ಷರ ಮಸುಕಾಗುತ್ತಿತ್ತು. ಒಂದೆರಡು ಸಲ ರೆಪ್ಪೆ ಬಡಿದರೆ ಅಕ್ಷರ ಸರಿಯಾಗಿ ಕಾಣುತ್ತಿತ್ತು, ಮತ್ತೆ ಮಸುಕು. ಆ ಒಂದೆರಡು ಬಡಿತದಲ್ಲೇ ಉತ್ತರ ಇತ್ತು. ನನಗದು ಹೊಳೆಯಲು ಒಂದು ವರ್ಷ ಬೇಕಾಯಿತು.

ಆ ವರ್ಷವೆಲ್ಲ ನಾನು ಮಾಡಿದ್ದು ಎರಡೇ ಕೆಲಸ. ಬೆಳಿಗ್ಗೆ ಒಂದು ಲೋಟ ಕ್ಯಾರೆಟ್ ಜ್ಯೂಸ್ ಕುಡಿದೆ. ಕಣ್ಣು ಕೆಂಪಾದಾಗಲೆಲ್ಲ ಕೆಂಪು ತೆಗೆಯುವ ಡ್ರಾಪ್ಸ್ ಹಾಕಿಕೊಂಡೆ. ಜ್ಯೂಸಿನಿಂದ ಉರಿಯೇನೂ ಇಳಿಯಲಿಲ್ಲ. ಡ್ರಾಪ್ಸಿನಿಂದ ತೊಂದರೆ ಜಾಸ್ತಿಯಾಯಿತು. ಅಂಥ ಡ್ರಾಪ್ಸ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅಷ್ಟೆ. ಅದರ ಪ್ರಭಾವ ಇಳಿದ ಮೇಲೆ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗಿ ಕಣ್ಣು ಇನ್ನೂ ಕೆಂಪಾಗಬಹುದು. ಆಗ ಮತ್ತೆ ಹನಿ ಹಾಕಬೇಕು ಅನ್ನಿಸುತ್ತದೆ. ನಾನು ಸಿಕ್ಕಿಕೊಂಡಿದ್ದು ಆ ಸುತ್ತಿನಲ್ಲಿ.

ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕಣ್ಣಿಗೆ ಒಂದು ಬಣ್ಣ ಹಚ್ಚಿ ನೀಲಿ ಬೆಳಕಿನಲ್ಲಿ ನೋಡಿದರು. ರೆಪ್ಪೆ ಬಡಿಯದೆ ಇರಿ ಎಂದು ಹೇಳಿ ಸೆಕೆಂಡು ಎಣಿಸಿದರು. ಕಣ್ಣೀರಿನ ಪದರ 10 ಸೆಕೆಂಡಾದರೂ ಒಡೆಯದೆ ನಿಲ್ಲಬೇಕಂತೆ. ನನ್ನದು ನಾಲ್ಕಕ್ಕೇ ಒಡೆದಿತ್ತು. "ಕಣ್ಣು ಒಣಗಿದೆ" ಎಂದಾಗ ನಾನು ಒಪ್ಪಲಿಲ್ಲ. "ನೀರು ಸುರೀತಾ ಇರುತ್ತಲ್ಲ ಡಾಕ್ಟ್ರೇ?" ಎಂದೆ. ಒಣಗಿದ ಕಣ್ಣಿಗೆ ಕೆರಳಿಕೆಯಾದರೆ ಒಮ್ಮೆಗೇ ನೀರು ಬರುತ್ತದೆ, ಆದರೆ ಅದು ಕಣ್ಣಿನ ಮೇಲೆ ನಿಲ್ಲುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು.

ಕಣ್ಣೀರು ಬರೀ ನೀರಲ್ಲ. ನೀರಿನ ಮೇಲೆ ತೆಳುವಾದ ಎಣ್ಣೆಯ ಪದರ ಇರುತ್ತದೆ. ನೀರು ಆರಿಹೋಗದಂತೆ ತಡೆಯುವುದು ಅದೇ. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಇರುವ ಸಣ್ಣ ಗ್ರಂಥಿಗಳಿಂದ ಆ ಎಣ್ಣೆ ಬರುತ್ತದೆ. ರೆಪ್ಪೆ ಪೂರ್ತಿ ಮುಚ್ಚಿದಾಗ ಅವು ಒತ್ತಿ ಎಣ್ಣೆ ಹೊರಬರುತ್ತದೆ. ಅರ್ಧ ಮುಚ್ಚಿದರೆ ಎಣ್ಣೆಯೂ ಸರಿಯಾಗಿ ಬರುವುದಿಲ್ಲ, ಕಣ್ಣಿನ ಕೆಳಭಾಗವೂ ಒದ್ದೆಯಾಗುವುದಿಲ್ಲ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕಿಂತ ಕಡಿಮೆಗೆ ಇಳಿಯಬಹುದು.

ಮನೆಗೆ ಬಂದು ಮಗಳಿಗೆ ಫೋನ್ ಕೊಟ್ಟೆ. ನಾನು ಕೆಲಸ ಮಾಡುವಾಗ ನನ್ನ ಮುಖದ ವಿಡಿಯೊ ತೆಗಿ ಎಂದೆ. ಆಮೇಲೆ ಇಬ್ಬರೂ ಕೂತು ನೋಡಿದೆವು. ಒಂದು ನಿಮಿಷದಲ್ಲಿ ಐದು ಬಡಿತ. ಮಗಳು ವಿಡಿಯೊ ನಿಧಾನ ಮಾಡಿ ತೋರಿಸಿದಳು. ಅದರಲ್ಲಿ ಮೂರು ಸಲ ಮೇಲಿನ ರೆಪ್ಪೆ ಕಣ್ಣಿನ ನಡುವಿನವರೆಗೆ ಬಂದು ವಾಪಸ್ ಹೋಗಿತ್ತು. "ಅಪ್ಪಾ, ನೀನು ಕಣ್ಣು ಮುಚ್ತಾನೇ ಇಲ್ಲ" ಎಂದಳು. ಡಾಕ್ಟರು ಹೇಳಿದ್ದು ನನಗೆ ಮನಸ್ಸಿಗೆ ಇಳಿದಿದ್ದು ಆಗಲೇ.

ಅಲ್ಲಿಂದ ಅಭ್ಯಾಸ ಶುರು. ಮೆತ್ತಗೆ ಪೂರ್ತಿ ಕಣ್ಣು ಮುಚ್ಚಬೇಕು, ಎರಡು ಸೆಕೆಂಡು ಹಾಗೇ ಇರಬೇಕು, ತೆರೆಯಬೇಕು. ಹೀಗೆ ಹತ್ತು ಸಲ. ಕೇಳಲು ಸುಲಭ, ನೆನಪಿಡೋದೇ ಕಷ್ಟ. 20 ನಿಮಿಷಕ್ಕೊಮ್ಮೆ ಫೋನಿನಲ್ಲಿ ಅಲಾರಂ ಇಟ್ಟೆ. ಕೆಲಸದ ನಡುವೆ ಕಿರಿಕಿರಿ ಆಗಿ ಮೂರನೇ ದಿನವೇ ತೆಗೆದುಹಾಕಿದೆ. ಆಮೇಲೆ ಕೆಲಸಕ್ಕೇ ಗಂಟು ಹಾಕಿದೆ. ಎರಡು ಪುಟ ತಿದ್ದಿ ಮುಗಿದರೆ ಹತ್ತು ಸಲ ಕಣ್ಣು ಮುಚ್ಚಿ ತೆರೆಯೋದು, ನಂತರ ಕಿಟಕಿಯ ಆಚೆ ದೂರದ ಮರ ನೋಡೋದು. ಈ ಅಭ್ಯಾಸ ಉಳಿಯಿತು. ದೂರ ಅಂದರೆ 20 ಅಡಿ, ಹೊತ್ತು ಅಂದರೆ 20 ಸೆಕೆಂಡು. ಹತ್ತಿರದ್ದನ್ನು ನೋಡುವಾಗ ಕಣ್ಣಿನ ಒಳಗಿನ ಒಂದು ಸ್ನಾಯು ಬಿಗಿಯಾಗಿಯೇ ಇರುತ್ತದೆ. ಅಷ್ಟು ದೂರ ನೋಡಿದಾಗ ಅದು ಸಡಿಲಾಗುತ್ತದೆ.

ಇನ್ನೊಂದು ತಪ್ಪು ಮೇಜಿನ ಮೇಲೇ ಇತ್ತು. ಕುತ್ತಿಗೆ ನೋವಿಗೆ ಅಂತ ಎರಡು ದಪ್ಪ ನಿಘಂಟುಗಳ ಮೇಲೆ ಮಾನಿಟರ್ ಇಟ್ಟಿದ್ದೆ. ಮೇಲಕ್ಕೆ ನೋಡುವಾಗ ಕಣ್ಣು ಜಾಸ್ತಿ ಅಗಲವಾಗಿ ತೆರೆದಿರುತ್ತದೆ, ಅಷ್ಟು ಬೇಗ ಆರುತ್ತದೆ. ಒಂದು ನಿಘಂಟು ತೆಗೆದೆ. ಈಗ ನೋಟ ಸ್ವಲ್ಪ ಕೆಳಕ್ಕೆ ಹೋಗುತ್ತದೆ, ಕುತ್ತಿಗೆಗೂ ತೊಂದರೆ ಇಲ್ಲ. ಮುಖಕ್ಕೆ ನೇರವಾಗಿ ಬೀಸುತ್ತಿದ್ದ ಫ್ಯಾನನ್ನೂ ಪಕ್ಕಕ್ಕೆ ತಿರುಗಿಸಿದೆ.

ರಾತ್ರಿ ಬಿಸಿ ಶಾಖ. ಮೊದಲ ವಾರ ಇದನ್ನು ತಪ್ಪಾಗಿ ಮಾಡಿದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಎರಡು ನಿಮಿಷಕ್ಕೆ ತಣ್ಣಗಾಗುತ್ತದೆ, ಅಷ್ಟಕ್ಕೇ ಮುಗಿಸುತ್ತಿದ್ದೆ. ರೆಪ್ಪೆಯ ಗ್ರಂಥಿಗಳಲ್ಲಿ ಗಟ್ಟಿಯಾದ ಎಣ್ಣೆ ಕರಗಲು ಐದರಿಂದ ಹತ್ತು ನಿಮಿಷ ಬಿಸಿ ಬೇಕು. ಹಾಗಾಗಿ ಎರಡು ಬಟ್ಟೆ ಇಟ್ಟುಕೊಂಡೆ. ಒಂದು ಕಣ್ಣ ಮೇಲೆ, ಇನ್ನೊಂದು ನೀರಲ್ಲಿ. ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ಬಿಸಿ ನೋಡಿಕೊಂಡೇ ಹಾಕಬೇಕು, ಸುಡಬಾರದು. ಆಮೇಲೆ ರೆಪ್ಪೆಯ ಅಂಚಿನ ಕಡೆಗೆ ಬೆರಳಿನಿಂದ ಹಗುರವಾಗಿ ನೀವಬೇಕು. ಮೂರು ವಾರಕ್ಕೆ ಬೆಳಿಗ್ಗೆ ಕಣ್ಣು ಅಂಟಿಕೊಳ್ಳುವುದು ನಿಂತಿತು.

ಹಾಗಾದರೆ ಊಟದಿಂದ ಏನೂ ಆಗಲ್ವಾ? ಆಗುತ್ತದೆ, ಆದರೆ ಅದರ ಕೆಲಸ ಬೇರೆ. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಅದು ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ, ಕಣ್ಣೂ ಒಣಗುತ್ತದೆ. ನನಗೆ ಆ ಕೊರತೆ ಇರಲಿಲ್ಲ. ಇಲ್ಲದ ಕೊರತೆಗೆ ಲೋಟಗಟ್ಟಲೆ ಕುಡಿದೆ, ಅಷ್ಟೆ. ಈಗ ಜ್ಯೂಸ್ ಬಿಟ್ಟು ದಿನಕ್ಕೊಂದು ಹೊತ್ತು ಕಡು ಹಸಿರು ಸೊಪ್ಪು ತಿನ್ನುತ್ತೇನೆ. ಪಾಲಕ್‌ನಂಥ ಸೊಪ್ಪಿನಲ್ಲಿ, ಮೊಟ್ಟೆಯ ಹಳದಿಯಲ್ಲಿ, ಹಳದಿ ಮುಸುಕಿನ ಜೋಳದಲ್ಲಿ ಲುಟೀನ್, ಝಿಯಾಝಾಂಥಿನ್ ಎಂಬ ಹಳದಿ ಬಣ್ಣದ ಅಂಶಗಳು ಇರುತ್ತವೆ. ಅಕ್ಷಿಪಟದ ನಡುವೆ, ನಾವು ಓದಲು ಬಳಸುವ ಜಾಗದಲ್ಲೇ, ಇವು ಸೇರಿಕೊಳ್ಳುತ್ತವೆ. ದೇಹ ಇವನ್ನು ತಾನಾಗಿ ತಯಾರಿಸುವುದಿಲ್ಲ, ತಿಂದೇ ಪಡೆಯಬೇಕು. ಎಣ್ಣೆಯ ಅಂಶ ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ಸೊಪ್ಪನ್ನು ಬರೀ ಬೇಯಿಸದೆ ಒಂದು ಚಮಚ ಎಣ್ಣೆಯಲ್ಲಿ ಬಾಡಿಸುತ್ತೇನೆ.

ಮಾತ್ರೆಗಳ ಬಗ್ಗೆಯೂ ಡಾಕ್ಟರನ್ನು ಕೇಳಿದೆ. ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆ ನಡೆಸಿದ ಎರಡು ದೊಡ್ಡ ಅಧ್ಯಯನಗಳು 2001 ಮತ್ತು 2013ರಲ್ಲಿ ಪ್ರಕಟವಾದವು. ವಯಸ್ಸಿನಿಂದ ಅಕ್ಷಿಪಟದ ನಡುಭಾಗ ಸವೆಯುವ ಕಾಯಿಲೆ ಈಗಾಗಲೇ ಮಧ್ಯಮ ಹಂತಕ್ಕೆ ಬಂದವರಲ್ಲಿ, ನಿರ್ದಿಷ್ಟ ವಿಟಮಿನ್ ಮತ್ತು ಸತುವಿನ ಮಿಶ್ರಣ ಕಾಯಿಲೆ ಮುಂದುವರಿಯುವುದನ್ನು ನಿಧಾನ ಮಾಡುತ್ತದೆ ಎಂದು ಗೊತ್ತಾಯಿತು. ಕಾಯಿಲೆ ಇಲ್ಲದವರಿಗೆ ಅದು ಬರದಂತೆ ತಡೆಯುತ್ತದೆ ಎಂದಲ್ಲ. ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುತ್ತದೆ. ಒಣಗಣ್ಣಿಗೆ ಅಂತ ಕೊಡುವ ಮೀನೆಣ್ಣೆ ಮಾತ್ರೆಯೂ 2018ರ ಒಂದು ದೊಡ್ಡ ಪರೀಕ್ಷೆಯಲ್ಲಿ ಆಲಿವ್ ಎಣ್ಣೆಯ ಮಾತ್ರೆಗಿಂತ ಮೇಲಾಗಿರಲಿಲ್ಲ. ನಾನು ಯಾವ ಮಾತ್ರೆಯನ್ನೂ ತೆಗೆದುಕೊಳ್ಳಲಿಲ್ಲ.

ಚಾಳೀಸಿನ ಮಾತನ್ನೂ ಹೇಳಲೇಬೇಕು. ನನಗೆ ಆಗ 43. ಓದುವ ಕನ್ನಡಕ ಬೇಕು ಎಂದರೂ ಸೊಪ್ಪು ತಿಂದು ಸರಿಮಾಡಿಕೊಳ್ಳುತ್ತೇನೆ ಎಂದು ಮುಂದೂಡಿದ್ದೆ. ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗುತ್ತದೆ. ಅದನ್ನು ಯಾವ ಆಹಾರವೂ ಮತ್ತೆ ಮೆತ್ತಗೆ ಮಾಡುವುದಿಲ್ಲ. ಕನ್ನಡಕ ಹಾಕಿದ ವಾರದಲ್ಲೇ ಸಂಜೆಯ ತಲೆನೋವು ಹೋಯಿತು.

ನಮ್ಮ ತಂದೆಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಇತ್ತು. ನೋವಿಲ್ಲದೆ, ಗೊತ್ತಾಗದ ಹಾಗೆ ಅಕ್ಕಪಕ್ಕದ ನೋಟ ಕಳೆದುಕೊಂಡರು. ಹತ್ತಿರದ ರಕ್ತಸಂಬಂಧದಲ್ಲಿ ಇದ್ದರೆ ನಮಗೂ ಬರುವ ಸಾಧ್ಯತೆ ಜಾಸ್ತಿ. ಅದಕ್ಕೇ ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ಕಣ್ಣಿನ ನರ ನೋಡಿಸಿಕೊಳ್ಳುತ್ತೇನೆ. ಆವತ್ತು ಕೆಲವು ಗಂಟೆ ಹತ್ತಿರದ ಅಕ್ಷರ ಕಾಣುವುದಿಲ್ಲ, ಹಾಗಾಗಿ ಕೆಲಸಕ್ಕೆ ರಜೆ ಹಾಕುತ್ತೇನೆ. ಕಳೆದ ಸಲ ಹೋದಾಗ ಕಣ್ಣಿನ ಒತ್ತಡ, ನರ ಎರಡೂ ಸರಿಯಿದ್ದವು. ಕಣ್ಣೀರಿನ ಪದರವನ್ನೂ ಮತ್ತೆ ಎಣಿಸಿದರು. ಒಂಬತ್ತು ಸೆಕೆಂಡು ನಿಂತಿತ್ತು.