ಫ್ಲೈವೀಲ್‌ಗೆ ಮ್ಯಾಗ್ನೆಟ್ ಜನರೇಟರ್ ಕೂರಿಸಿದ ಬಗೆ

ಫ್ಲೈವೀಲ್ ಎಂದರೆ ತಿರುಗುತ್ತಾ ಶಕ್ತಿ ಹಿಡಿದಿಡುವ ಭಾರದ ಚಕ್ರ. ಅದು ತಾನಾಗಿ ಕರೆಂಟ್ ಹುಟ್ಟಿಸುವುದಿಲ್ಲ. ಪೆಡಲ್ ತುಳಿದು ತುಂಬಿದ ಶಕ್ತಿಯನ್ನು ಹಿಡಿದಿಟ್ಟು, ಸ್ವಲ್ಪ ಕಡಿಮೆ ಮಾಡಿ ವಾಪಸ್ ಕೊಡುತ್ತದೆ, ಅಷ್ಟೇ. ಪುಣೆಯ ಜೂನಾ ಬಜಾರಿನಲ್ಲಿ ಬುಧವಾರ, ಭಾನುವಾರ ಹಳೇ ಯಂತ್ರಗಳ ಬಿಡಿಭಾಗ ಸಿಗುತ್ತವೆ. ನಾನು ಆರಿಸಿಕೊಂಡದ್ದು 20 ಕೆ.ಜಿ.ಯ, 40 ಸೆಂ.ಮೀ. ವ್ಯಾಸದ ಬೀಡು ಕಬ್ಬಿಣದ ಚಕ್ರ. ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಖಣ್ ಎನ್ನಬೇಕು. ದನಿ ಒಡೆದಿದ್ದರೆ ಬಿರುಕಿದೆ ಎಂದರ್ಥ, ಬಿಟ್ಟುಬಿಡಿ.

ಈ ಚಕ್ರದಲ್ಲಿ 600 ಆರ್‌ಪಿಎಂಗೆ (ನಿಮಿಷಕ್ಕೆ 600 ಸುತ್ತು) ಸುಮಾರು 790 ಜೂಲ್ ಶಕ್ತಿ ಇರುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 300ಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಪಾಲು ಖರ್ಚಾಗಿರುತ್ತದೆ. ಅದಕ್ಕೇ ಜನರೇಟರಿನ ಕಾಯಿಲ್ (ತಂತಿಯ ಸುರುಳಿ) ಸುತ್ತುವುದನ್ನು 300ರಿಂದ 600ರ ನಡುವಿನ ವೇಗಕ್ಕೆ ಹೊಂದಿಸಿದೆ.

ಜನರೇಟರಿನಲ್ಲಿ ಚಕ್ರದ ಜೊತೆ ತಿರುಗುವ ಭಾಗ, ಅಂದರೆ ರೋಟರ್, ಎರಡು: 8 ಮಿ.ಮೀ. ಕಬ್ಬಿಣದ ತಟ್ಟೆಗಳು. ಅಲ್ಯುಮಿನಿಯಂ ತಟ್ಟೆ ನಡೆಯುವುದಿಲ್ಲ, ಕಾಂತಕ್ಷೇತ್ರಕ್ಕೆ ಹಿಂದಿನಿಂದ ದಾರಿ ಸಿಗದೆ ವೋಲ್ಟೇಜ್ ಬೀಳುತ್ತದೆ. ಒಂದೊಂದರ ಮೇಲೆ 50×25×10 ಮಿ.ಮೀ.ನ 12 ನಿಯೋಡಿಮಿಯಂ ಮ್ಯಾಗ್ನೆಟ್, ಉತ್ತರ ದಕ್ಷಿಣ ಒಂದು ಬಿಟ್ಟು ಒಂದು. ಎದುರು ತಟ್ಟೆಯ ಮ್ಯಾಗ್ನೆಟ್ ಇದನ್ನು ಎಳೆಯುವಂತಿರಬೇಕು. ಈ ಎಳೆತಕ್ಕೆ ಬೆರಳು ಸಿಕ್ಕರೆ ಮೂಳೆ ಪುಡಿ. ಎರಡನೇ ತಟ್ಟೆಯನ್ನು ಮೂರು ಉದ್ದ ಬೋಲ್ಟ್ ಮೇಲೆ ಕೂರಿಸಿ ನಟ್ ತಿರುಗಿಸುತ್ತಾ ಇಳಿಸಿ, ಕೈಯಲ್ಲಿ ಹಿಡಿದು ಇಳಿಸಲೇಬೇಡಿ.

ಎರಡು ತಟ್ಟೆಗಳ ನಡುವೆ ತಿರುಗದೆ ನಿಲ್ಲುವ ಸ್ಟೇಟರ್ 10 ಮಿ.ಮೀ. ದಪ್ಪ, ರೆಸಿನ್‌ನಲ್ಲಿ (ಗಟ್ಟಿಯಾಗುವ ಅಂಟು) ಎರಕ ಹೊಯ್ದ 9 ಕಾಯಿಲ್. ಮೊದಲು 10 ಸುತ್ತಿನ ಒಂದು ಕಾಯಿಲ್ ಮಾಡಿ 300 ಆರ್‌ಪಿಎಂಗೆ ಅಳೆದರೆ 0.85 ವೋಲ್ಟ್ ಆಸುಪಾಸು ಬರುತ್ತದೆ. ಅದರ ಮೇಲೆ ಲೆಕ್ಕ ಹಾಕಿ 18 ಗೇಜ್ ತಂತಿಯಲ್ಲಿ 28 ಸುತ್ತು ಹಾಕಿದೆ. 1, 4, 7 ಒಂದು ಫೇಸ್, ಹೀಗೆ ಮೂರು ಫೇಸ್, ಸ್ಟಾರ್ ಜೋಡಣೆ (ಮೂರರ ಒಂದೊಂದು ತುದಿ ಒಟ್ಟಿಗೆ ಸೇರಿಸುವುದು). ಒಂದು ಕಾಯಿಲ್ ತಿರುಗುಮುರುಗಾದರೂ ಆ ಫೇಸ್‌ನ ವೋಲ್ಟೇಜ್ ಮೂರನೇ ಒಂದಕ್ಕೆ ಇಳಿಯುತ್ತದೆ. ರೆಸಿನ್ ಹೊಯ್ಯುವ ಮುಂಚೆಯೇ ಅಳೆದು ನೋಡಿ.

ಎಸಿಯನ್ನು ಡಿಸಿ ಮಾಡುವ ಆರು ಡಯೋಡಿನ ರೆಕ್ಟಿಫೈಯರ್, 50 ವೋಲ್ಟ್ ಕೆಪಾಸಿಟರ್, ಆಮೇಲೆ 12 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್. ಲೋಡ್ ಇಲ್ಲದಾಗ 600ರಲ್ಲಿ 33 ವೋಲ್ಟ್ ದಾಟುತ್ತದೆ, 40 ವೋಲ್ಟ್ ತಡೆಯುವ ಕನ್ವರ್ಟರನ್ನೇ ತನ್ನಿ. ಕನ್ವರ್ಟರ್ ಇಲ್ಲದೆ ಬ್ಯಾಟರಿಗೆ ನೇರ ಜೋಡಿಸಿದರೆ ಬ್ರೇಕ್ ಒತ್ತಿದ ಹಾಗೆ ಚಕ್ರ ತಡೆಯುತ್ತದೆ. ಪೆಡಲಿನ ಚೈನಿಗೆ ಸೈಕಲ್ಲಿನ ಫ್ರೀವೀಲ್ (ಒಂದೇ ದಿಕ್ಕಿಗೆ ಹಿಡಿಯುವ ಹಲ್ಲುಚಕ್ರ) ಇರಲೇಬೇಕು, ಇಲ್ಲದಿದ್ದರೆ ಪೆಡಲ್ ಮೊಣಕಾಲಿಗೆ ಬಡಿಯುತ್ತದೆ. ಸುತ್ತ ದಪ್ಪ ಶೀಟಿನ ಗಾರ್ಡ್ ಕಡ್ಡಾಯ.

ತುಳಿಯುವುದು ನಿಲ್ಲಿಸಿದ ಮೇಲೆ 10 ವ್ಯಾಟ್ ಎಲ್‌ಇಡಿ ಅರ್ಧ ನಿಮಿಷ ಉರಿಯುವುದೂ ಕಷ್ಟ. ಲೋಡ್ ತೆಗೆದು 600ರಿಂದ 300ಕ್ಕೆ ಇಳಿಯಲು ಒಂದು ನಿಮಿಷ ಹಿಡಿದರೆ ನಷ್ಟ 10 ವ್ಯಾಟ್. ಅದಕ್ಕಿಂತ ಬೇಗ ಇಳಿದರೆ ಸ್ಟೇಟರ್ ತೆಗೆದು ಇನ್ನೊಮ್ಮೆ ಬಿಡಿ: ಆಗಲೂ ಬೇಗ ನಿಂತರೆ ದೋಷ ಬೇರಿಂಗಿನದ್ದು, ಇಲ್ಲವಾದರೆ ಯಾವುದೋ ಕಾಯಿಲ್‌ನಲ್ಲಿ ತಂತಿಯ ಮೇಲಿನ ಎನಾಮಲ್ ಲೇಪ ಕೆರೆದು ಸುತ್ತುಗಳು ಶಾರ್ಟ್ ಆಗಿವೆ.