ಆವೆಮಣ್ಣಿನಲ್ಲಿ ಹಾಪ್ಲೊಫೋನಿಯಸ್ ಬುರುಡೆ ಮಾಡಿದ್ದು

ಉಡುಪಿಯಲ್ಲಿ ಚೌತಿಗೆ ಗಣಪತಿ ಮಾಡುವುದು ನಮ್ಮ ಮನೆತನದ ಕೆಲಸ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಪಕ್ಕದ ಮನೆಯ ಹುಡುಗಿ ಕೇಳಿದ್ದು ಹಾಪ್ಲೊಫೋನಿಯಸ್‌ನ ತಲೆಬುರುಡೆ. ಮೂರು ಕೋಟಿ ವರ್ಷಕ್ಕೂ ಹಿಂದೆ ಉತ್ತರ ಅಮೆರಿಕದಲ್ಲಿದ್ದ, ಉದ್ದ ಕೋರೆಹಲ್ಲಿನ ಪ್ರಾಣಿ ಇದು. ಸೌತ್ ಡಕೋಟದ ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಇದರ ಪಳೆಯುಳಿಕೆ ಸಿಕ್ಕಿವೆ. ಹೆಸರಿಟ್ಟವರು ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಎಡ್ವರ್ಡ್ ಕೋಪ್, 1874ರಲ್ಲಿ.

ನೋಡಿದರೆ ಬೆಕ್ಕಿನ ಜಾತಿಯೇ ಅನ್ನಬೇಕು. ಆದರೆ ಇದು ನಿಮ್ರಾವಿಡ್ ಎಂಬ ಬೇರೆ ಕುಟುಂಬದ್ದು. ಗುರುತು ಸಿಗುವುದು ಕಿವಿಯ ಹತ್ತಿರ. ಬೆಕ್ಕಿನ ಬುರುಡೆಯ ಅಡಿಯಲ್ಲಿ ಕಿವಿಯ ಎಲುಬು ಉಬ್ಬಿರುತ್ತದೆ. ಅದರೊಳಗೆ ಎಲುಬಿನ ತೆಳು ಗೋಡೆಯೊಂದು ಎರಡು ಕೋಣೆ ಮಾಡಿರುತ್ತದೆ. ನಿಮ್ರಾವಿಡ್‌ಗಳಲ್ಲಿ ಅಂಥ ಗೋಡೆ ಇಲ್ಲ.

ನಾನು ಶುರು ಮಾಡಿದ್ದು ಕೆಳದವಡೆಯಿಂದ. ಪಕ್ಕದಿಂದ ತೆಗೆದ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಲಗೆಗೆ ಅಂಟಿಸಿದೆ, ಅಳತೆಯೆಲ್ಲ ಅದರಿಂದಲೇ. ಗದ್ದದ ಹತ್ತಿರ ದವಡೆ ಕೆಳಗೆ ಅಗಲವಾಗಿ ಇಳಿಯುತ್ತದೆ. ಬಾಯಿ ಮುಚ್ಚಿದಾಗ ಮೇಲಿನ ಕೋರೆಹಲ್ಲು ಅದರ ಹೊರಮೈಗೆ ಒರಗಿ ನಿಲ್ಲುತ್ತದೆ, ಕತ್ತಿಗೆ ಒರೆ ಇದ್ದ ಹಾಗೆ. ಕೋರೆ ಎಷ್ಟುದ್ದವೋ ಗದ್ದ ಅಷ್ಟು ಇಳಿಯಬೇಕು. ಹಾಗಾಗಿ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು. ಹುಲಿಯ ದವಡೆ ಮಾಡಿ ಉದ್ದ ಹಲ್ಲು ಸಿಕ್ಕಿಸಿದರೆ ಅದು ಹಾಪ್ಲೊಫೋನಿಯಸ್ ಆಗುವುದಿಲ್ಲ.

ಬುರುಡೆಯ ಮಣ್ಣಿಗೆ ತೆಂಗಿನ ನಾರು ಬೆರೆಸಿದೆ. ಕೋರೆಗೆ ಮಾತ್ರ ಹತ್ತಿ ಬೆರೆಸಿ ಚೆನ್ನಾಗಿ ನಾದಿದ ಮಣ್ಣು, ಗಣಪತಿಯ ಬೆರಳಿಗೆ ಹಾಕುವಂಥದ್ದೇ. ಒಳಗೆ ನೂಲು ಸುತ್ತಿದ ತೆಳು ಬಿದಿರು ಕಡ್ಡಿ. ಈ ಕೋರೆ ದುಂಡಗಿಲ್ಲ, ಎರಡು ಬದಿಯಿಂದ ಒತ್ತಿದಂತೆ ಚಪ್ಪಟೆ. ಅಂಚಿನಲ್ಲಿ ಸಣ್ಣ ಸಣ್ಣ ಗರಗಸದ ಹಲ್ಲು. ಮಣ್ಣು ಅರ್ಧ ಒಣಗಿದಾಗ ಹ್ಯಾಕ್ಸಾ ಬ್ಲೇಡನ್ನು ಅಂಚಿಗೆ ಮೆಲ್ಲ ಒತ್ತಿದೆ. ಜಾಸ್ತಿ ಹಸಿ ಇದ್ದರೆ ಅಂಚು ಬಾಗುತ್ತದೆ, ಪೂರ್ತಿ ಒಣಗಿದ್ದರೆ ಉದುರುತ್ತದೆ. ನಂಗೆ ಇಡೀ ಕೆಲಸದಲ್ಲಿ ತುಂಬ ಇಷ್ಟವಾದದ್ದು ಇದೇ.

"ಮಾಮ, ಇಷ್ಟುದ್ದ ಹಲ್ಲಿಟ್ಟುಕೊಂಡು ಕಚ್ಚುವುದು ಹೇಗೆ?" ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ ಅಲ್ವಾ? ಕೋರೆಯ ತುದಿ ಗದ್ದವನ್ನು ದಾಟಿ ಮೇಲೆ ಬರುವಷ್ಟು ಬಾಯಿ ತೆರೆಯಬೇಕು. ಅದು ಕಾಣಲಿ ಅಂತಲೇ ದವಡೆಯನ್ನು ಅಂಟಿಸದೆ, ಕೀಲಿನ ಜಾಗದಲ್ಲಿ ತಂತಿ ಹಾಕಿ ಅಲುಗಾಡುವಂತೆ ಬಿಟ್ಟೆ. ಮಕ್ಕಳು ಕೈಯಲ್ಲಿ ತೆರೆದು ನೋಡಬಹುದು.

ನೀವೂ ಮಾಡುವುದಾದರೆ ಕೋರೆಯನ್ನು ನೆರಳಲ್ಲೇ ಒಣಗಿಸಿ. ಸಾಗಿಸುವಾಗ ತಂತಿ ಬಿಚ್ಚಿ ದವಡೆಯನ್ನು ಬೇರೆ ಬಟ್ಟೆಯಲ್ಲಿ ಸುತ್ತಿ.