ಗೋಡೆ ಹುಡುಕಲು ಹೋದೆ, ಗೋಡೆ ಕದ್ದವರ ಗುಂಡಿ ಸಿಕ್ಕಿತು

ಊರಿನ ಹೆಸರು ಹೇಳುವುದಿಲ್ಲ. ರಾತ್ರಿ ಹೊತ್ತು ಮೆಟಲ್ ಡಿಟೆಕ್ಟರ್ ಹಿಡಿದು ಬರುವವರ ಕಾಟ ಇಂಗ್ಲೆಂಡಿನಲ್ಲಿ ಎಷ್ಟೆಂದು ನೆಲದಡಿಯ ಹಳೇ ಗೋಡೆ ಹುಡುಕುವ ಈ ಹುಚ್ಚು ಹತ್ತಿಸಿಕೊಂಡವರಿಗೆ ಗೊತ್ತೇ ಇದೆ. ಮಿಡ್‌ಲ್ಯಾಂಡ್ಸ್‌ನ ಒಂದು ಪುಟ್ಟ ಪೇಟೆ, ಫ್ರಾನ್ಸಿಸ್ಕನ್ ಪಂಥದ ಕ್ರೈಸ್ತ ಸನ್ಯಾಸಿಗಳ (ಫ್ರೈಯರ್‌ಗಳ) ಮಠ, ಅಂದರೆ ಫ್ರೈಯರಿ, ಇತ್ತೆಂದು ಹಳೇ ದಾಖಲೆ, ಈಗ ಅಲ್ಲಿ ಕುದುರೆ ಮೇಯುವ ಹುಲ್ಲುಗಾವಲು. ಅಷ್ಟು ಸಾಕು.

‘ಅಲ್ಲೇನಿದೆ ಮಣ್ಣು?’ ಎಂದಿದ್ದರು ನಮ್ಮ ಇತಿಹಾಸ ಗುಂಪಿನ ಹಿರಿಯರು. ಪೂರ್ತಿ ಸುಳ್ಳಲ್ಲ. 1224ರಲ್ಲಿ ಇಂಗ್ಲೆಂಡಿಗೆ ಬಂದ ಈ ಫ್ರೈಯರ್‌ಗಳು ನಮ್ಮ ಜಂಗಮರ ಕೋರಾನ್ನದಂತೆ ಬೇಡಿ ಉಂಡವರು. 1538ರ ಸುಮಾರಿಗೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಛಾವಣಿಯ ಸೀಸ ಖಜಾನೆಗೆ ಹೋಯಿತು, ಕಲ್ಲು ಊರವರ ಮನೆಗೆ. ಹಾಳುಗುಡಿಯ ಕಲ್ಲು ಬಾವಿಕಟ್ಟೆ ಸೇರುವ ಹಾಗೆಯೇ. ಲೆಸ್ಟರ್ ನಗರದ ಇಂಥದ್ದೇ ಫ್ರೈಯರಿ ಗ್ರೇಫ್ರೈಯರ್ಸ್‌ನಲ್ಲೂ ಕಾರ್ ಪಾರ್ಕ್ ಮೇಲೆ ರೇಡಾರ್ ಎಳೆದಾಗ ಕಂಡದ್ದು ಪೈಪು, ಕೇಬಲ್ಲುಗಳೇ. ಆಮೇಲೆ 2012ರ ಆಗಸ್ಟ್‌ನಲ್ಲಿ ಟ್ರೆಂಚ್ ಹೊಡೆದ ಮೊದಲ ದಿನವೇ ರಾಜ ಮೂರನೇ ರಿಚರ್ಡನ ಕಾಲಿನ ಮೂಳೆ ಬಂತು, ಆ ಮಾತು ಬೇರೆ.

ನನ್ನದು ಟ್ವಿನ್ ಪ್ರೋಬ್ ರೆಸಿಸ್ಟಿವಿಟಿ: ನೆಲಕ್ಕೆ ಸರಳು ಚುಚ್ಚಿ ಕರೆಂಟ್ ಹರಿಸಿ, ಮಣ್ಣು ಅದನ್ನು ಎಷ್ಟು ತಡೆಯುತ್ತದೆಂದು ಅಳೆಯುವುದು. ಒಣ ಕಲ್ಲು ಹೆಚ್ಚು ತಡೆಯುತ್ತದೆ, ತೇವದ ಮಣ್ಣು ಕಡಿಮೆ. ಹೊಸ ಯಂತ್ರಕ್ಕೆ ಸಾವಿರಾರು ಪೌಂಡ್. ನಾನು ಆರ್ಡುಯಿನೋ ಎಂಬ ಅಗ್ಗದ ಸರ್ಕ್ಯೂಟ್ ಬೋರ್ಡು, ಸ್ಟೇನ್‌ಲೆಸ್ ಸರಳು, ಯಾರೋ ಬಿಸಾಕಿದ ಮುದುಕರ ವಾಕರ್ ಸೇರಿಸಿ ನೂರೈವತ್ತರ ಆಸುಪಾಸಿನಲ್ಲಿ ಮುಗಿಸಿದೆ. ಸುಟ್ಟ ಎರಡು ಬೋರ್ಡುಗಳನ್ನು ಹೆಂಡತಿ ಲೆಕ್ಕಕ್ಕೆ ಹಿಡಿಯುತ್ತಾಳೆ, ನಾನು ಹಿಡಿಯುವುದಿಲ್ಲ.

ಮೊದಲ ಸರ್ವೇ ಫೆಬ್ರುವರಿಯಲ್ಲಿ. ಮೂರ್ಖತನ. ಜೇಡಿಮಣ್ಣು ನೀರು ಕುಡಿದು ಕೂತಿತ್ತು, ರೀಡಿಂಗ್‌ಗಳ ನಕ್ಷೆ ಇಡೀ ಒಂದೇ ಬೂದು ಬಣ್ಣ. ಮಾರ್ಚ್‌ನಲ್ಲಿ ಒಂದು ಮೂಲೆಯಲ್ಲಿ ರೀಡಿಂಗ್ ಕಪ್ಪೆಯ ಹಾಗೆ ಕುಪ್ಪಳಿಸತೊಡಗಿತು. ವೈರು ಬದಲಿಸಿದೆ, ಕೋಡ್ ತಿದ್ದಿದೆ, ಮೂರು ವಾರಾಂತ್ಯ ಹಾಳು. ಕೊನೆಗೆ ಕಿವಿಗೊಟ್ಟರೆ ಟಿಕ್, ಟಿಕ್, ಟಿಕ್! ಕುದುರೆಗಳ ಕರೆಂಟ್ ಬೇಲಿ. ಮಾಲೀಕರಿಗೆ ಹೇಳಿ ಸ್ವಿಚ್ ಆರಿಸಿದ್ದೇ ತಡ, ರೀಡಿಂಗ್ ತೆಪ್ಪಗಾಯಿತು.

ನಡುವೆ, ನೀರು ಹುಡುಕುವವರಂತೆ, ಬಗ್ಗಿಸಿದ ತಂತಿ ಹಿಡಿದು ಓಡಾಡಿಯೂ ನೋಡಿದೆ. ತಂತಿ ಎಲ್ಲಿ ಬೇಕಾದರೂ ತಿರುಗುತ್ತದೆ. ಗಾಳಿಪಟಕ್ಕೆ ಹಳೇ ಫೋನು ಕಟ್ಟಿ ಫೋಟೋ ತೆಗೆಯಲು ಹೋಗಿ ಫೋನು ಕೆರೆ ಸೇರಿತು.

ಜೂನ್‌ನಲ್ಲಿ ಹುಲ್ಲು ಒಣಗಿದ ಮೇಲೆ ಮತ್ತೆ ಇಳಿದೆ. ಇಪ್ಪತ್ತು ಮೀಟರಿನ ಒಂಬತ್ತು ಚೌಕ, ಮೀಟರಿಗೊಂದರಂತೆ ಸುಮಾರು 3600 ರೀಡಿಂಗ್. ದೂರದಲ್ಲಿ ನೆಟ್ಟು ಬಿಡುವ ರಿಮೋಟ್ ಪ್ರೋಬ್‌ಗಳ ಬುಡಕ್ಕೆ, ಕರೆಂಟ್ ಚೆನ್ನಾಗಿ ಹರಿಯಲೆಂದು, ಏನು ಸುರಿದೆ ಎಂಬುದು ನನ್ನ ಹತ್ತಿರವೇ ಇರಲಿ, ಉಪ್ಪುನೀರಲ್ಲ. ಗೋಡೆ ಇದ್ದಲ್ಲಿ ರೆಸಿಸ್ಟೆನ್ಸ್ ಏರಬೇಕು ಅಂತ ಕಾಯುತ್ತಿದ್ದರೆ ಬಂದದ್ದು ಉಲ್ಟಾ. ಕಲ್ಲು ಕಿತ್ತವರು ಗುಂಡಿಗೆ ಸಡಿಲ ಮಣ್ಣು ತುಂಬಿದ್ದರು, ಸುತ್ತಲಿನ ಗಾರೆಪುಡಿ ಒಣಗಿದರೂ ಆ ಮಣ್ಣು ತೇವ ಬಿಟ್ಟಿರಲಿಲ್ಲ. ಗೋಡೆ ಹೋಗಿತ್ತು, ಗೋಡೆಯ ಅಚ್ಚು ಉಳಿದಿತ್ತು.

ನನ್ನ ಎದೆ ಬಡಿದುಕೊಂಡದ್ದು ಎರಡು ಗೆರೆಗಳಿಗೆ: ಚರ್ಚಿಗೆ ಅಡ್ಡಲಾಗಿ, ನಾಲ್ಕು ಮೀಟರ್ ಅಂತರದಲ್ಲಿ, ಜೋಡಿಯಾಗಿ. ಜನ ಸೇರುವ ಭಾಗವಾದ ನೇವ್‌ಗೂ ಫ್ರೈಯರ್‌ಗಳು ಪ್ರಾರ್ಥಿಸುವ ಕ್ವಾಯರ್‌ಗೂ ನಡುವಿನ ಓಣಿ ಅದು, ‘ವಾಕಿಂಗ್ ಪ್ಲೇಸ್’. ಇಂಗ್ಲೆಂಡಿನ ಫ್ರೈಯರಿಗಳ ಗುರುತೇ ಅದು. ಪ್ರಿಂಟ್ ತೋರಿಸಿದರೆ ಹಿರಿಯರು ‘ಚರಂಡಿ’ ಎಂದರು.

ಜಾಗದವರ ಒಪ್ಪಿಗೆ ಪಡೆದು, ಪುರಾತತ್ವ ಕಲಿತವರೊಬ್ಬರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಆ ಓಣಿಯ ಅಂಚಿಗೆ ಮೀಟರ್ ಅಗಲದ ಒಂದೇ ಗುಂಡಿ ತೆಗೆದೆವು. ಮೊಣಕಾಲುದ್ದ ಇಳಿದಾಗ ಸುಣ್ಣದ ಗಾರೆ. ಅದರಡಿ ಅಂಗೈಗಿಂತ ಚಿಕ್ಕ ನೆಲದ ಟೈಲಿನ ಚೂರು: ಕೆಂಪು ಮಣ್ಣು, ಅದರಲ್ಲಿ ಬಿಳಿ ಜೇಡಿ ತುಂಬಿದ ಯಾವುದೋ ಪ್ರಾಣಿಯ ಹಿಂಗಾಲು, ಮೇಲೆ ಜೇನಿನ ಬಣ್ಣದ ಹೊಳಪು. ಹಿರಿಯರು ಎಂಜಲು ಹಚ್ಚಿ ಒರೆಸಿದರು, ತಿರುಗಿಸಿದರು, ವಾಪಸ್ ಕೊಡಲು ಸ್ವಲ್ಪ ಹೊತ್ತೇ ಹಿಡಿಯಿತು.

ಮಠದ ಒಳಾಂಗಳದ ಸುತ್ತಿನ ಪಡಸಾಲೆ, ಕ್ಲೋಯಿಸ್ಟರ್, ಇನ್ನೂ ಸಿಕ್ಕಿಲ್ಲ. ಲೆಸ್ಟರ್‌ನಂತೆ ಚರ್ಚಿನ ದಕ್ಷಿಣಕ್ಕಿರಬಹುದೆಂದು ನೋಡಿದೆ, ಖಾಲಿ. ಉತ್ತರಕ್ಕಿದ್ದರೆ ಅದು ಬೇಲಿಯಾಚೆ, ಪಕ್ಕದವರ ಬೀನ್ಸ್ ಹೊಲದಡಿ. ಕೊಯ್ಲಾಗಲಿ.